ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಹಿಡಿಯುವುದಿಲ್ಲ: ಕಾರಿನ ಇಮೊಬಿಲೈಜರ್ ಕೈಕೊಟ್ಟಾಗ

ಪ್ರಶ್ನೆ: ನನ್ನದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು, ನಾನೇ ಮೊದಲ ಮಾಲೀಕ. ಕಳೆದ ಮಳೆಗಾಲದಿಂದೀಚೆಗೆ ವಾರಕ್ಕೆ ಒಂದೆರಡು ಸಲ, ಹೆಚ್ಚಾಗಿ ಬೆಳಿಗ್ಗೆ ಹೊತ್ತು, ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತದೆ, ಆದರೆ ಎಂಜಿನ್ ಹಿಡಿಯುವುದಿಲ್ಲ. ಆಗ ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತಿರುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ನೋಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಎಂಜಿನ್ ಕಂಪ್ಯೂಟರ್, ಇಮೊಬಿಲೈಜರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಹಿಡಿಯದಂತೆ ತಡೆಯುವ ಘಟಕ) ಮತ್ತು ಕೀ ಮೂರನ್ನೂ ಸೆಟ್ಟಾಗಿ ಬದಲಿಸಬೇಕೆಂದು ಸರ್ವಿಸ್ ಸೆಂಟರಿನವರು ಹೇಳುತ್ತಿದ್ದಾರೆ. ಅದಕ್ಕೆ ತಗಲುವ ಖರ್ಚು ಕಾರಿನ ಈಗಿನ ಬೆಲೆಯ ಕಾಲುಭಾಗದಷ್ಟಿದೆ. ನಮ್ಮೂರಿನ ಎಲೆಕ್ಟ್ರಿಷಿಯನ್ ಒಬ್ಬರು ಇಮೊಬಿಲೈಜರನ್ನೇ ಬೈಪಾಸ್ ಮಾಡಿಕೊಡುತ್ತೇನೆ ಎನ್ನುತ್ತಾರೆ. ಬ್ಯಾಟರಿಗೆ ಮೂರೂವರೆ ವರ್ಷವಾಗಿದೆ. ಕೀಯ ರಬ್ಬರ್ ಗುಂಡಿ ಹರಿದಿದ್ದರಿಂದ ಹೋದ ವರ್ಷ ಮಾರುಕಟ್ಟೆಯಲ್ಲಿ ಹೊಸ ಫ್ಲಿಪ್ (ಮಡಚುವ ಕೀಯ) ಕವಚ ಹಾಕಿಸಿದ್ದೇನೆ. ಇದಲ್ಲದೆ ಒಮ್ಮೊಮ್ಮೆ ರಾತ್ರಿ ಸೈರನ್ ತಾನಾಗಿಯೇ ಕೂಗಿಕೊಳ್ಳುತ್ತದೆ. ಏನು ಮಾಡಲಿ? (ಓದುಗರೊಬ್ಬರು, ಚಿತ್ರದುರ್ಗ)

ಉತ್ತರ: ಸದ್ಯಕ್ಕೆ ಎರಡಕ್ಕೂ ಒಪ್ಪಬೇಡಿ. ಮೂರು ಭಾಗಗಳನ್ನು ಒಟ್ಟಿಗೆ ಬದಲಿಸುವ ಹಂತಕ್ಕೆ ನಿಮ್ಮ ಕಾರು ಬಂದಿದೆ ಎನ್ನಲು ನೀವು ಬರೆದಿರುವುದರಲ್ಲಿ ಯಾವ ಆಧಾರವೂ ಇಲ್ಲ. ಬೈಪಾಸ್ ಮಾಡಿಸಿದರೆ ದೋಷ ಎಲ್ಲಿತ್ತೆಂಬುದು ತಿಳಿಯದೆಯೇ ಉಳಿಯುತ್ತದೆ, ಕಾರಿನ ರಕ್ಷಣೆಯೂ ಹೋಗುತ್ತದೆ. ಸಂಪೂರ್ಣ ಕೆಟ್ಟುಹೋದ ಎಂಜಿನ್ ಕಂಪ್ಯೂಟರ್ ಹತ್ತು ನಿಮಿಷ ಬಿಟ್ಟರೆ ತಾನಾಗಿಯೇ ಗುಣವಾಗಿ ವಾರವಿಡೀ ಸರಿಯಾಗಿ ನಡೆಯುವುದು ಅಪರೂಪ. ಬಂದು ಹೋಗುವ ದೋಷಗಳು ಬಹುಪಾಲು ಕೀಯಲ್ಲಿ, ಇಗ್ನಿಷನ್ ಬೀಗದ ಸುತ್ತಲಿನ ಕಾಯಿಲ್‌ನಲ್ಲಿ, ಕನೆಕ್ಟರಿನಲ್ಲಿ, ಅರ್ತ್ ವೈರಿನಲ್ಲಿ ಅಥವಾ ಬ್ಯಾಟರಿಯಲ್ಲಿ ಇರುತ್ತವೆ. ಇವೆಲ್ಲವೂ ಅಗ್ಗದ ವಸ್ತುಗಳು. ಹುಡುಕಲು ತಾಳ್ಮೆ ಬೇಕು, ಅಷ್ಟೇ. ನಿಮ್ಮ ಪತ್ರದ ಕೊನೆಯಲ್ಲಿ ನೀವು ಹಾಗೆಯೇ ಸೇರಿಸಿರುವ ಮೂರು ಮಾತುಗಳು, ಅಂದರೆ ಬ್ಯಾಟರಿಯ ವಯಸ್ಸು, ಫ್ಲಿಪ್ ಕವಚ ಮತ್ತು ರಾತ್ರಿಯ ಸೈರನ್, ನನ್ನ ದೃಷ್ಟಿಯಲ್ಲಿ ಮೊದಲು ನೋಡಬೇಕಾದ ಸಂಗತಿಗಳು.

ಇಮೊಬಿಲೈಜರ್ ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಪರೀಕ್ಷೆಗಳು ಸುಲಭವಾಗುತ್ತವೆ. ಕೀಯ ಹಿಡಿಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಚಿಪ್ ಇರುತ್ತದೆ. ರಿಮೋಟಿಗೆ ಶಕ್ತಿ ಕೊಡುವ ಗುಂಡಿ ಬ್ಯಾಟರಿಗೂ ಈ ಚಿಪ್ಪಿಗೂ ಸಂಬಂಧವಿಲ್ಲ. ಇಗ್ನಿಷನ್ ಬೀಗದ ಸುತ್ತ ಬಳೆಯಂತೆ ಕೂತಿರುವ ತಾಮ್ರದ ಕಾಯಿಲ್, ಕೀಯನ್ನು ಆನ್ ಸ್ಥಾನಕ್ಕೆ ತಿರುಗಿಸಿದೊಡನೆ, ಸಾಮಾನ್ಯವಾಗಿ 125 ಅಥವಾ 134 ಕಿಲೋಹರ್ಟ್ಸ್ ಆವರ್ತದಲ್ಲಿ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಚಿಪ್ ಆ ಕ್ಷೇತ್ರದಿಂದಲೇ ಶಕ್ತಿ ಪಡೆದು ತನ್ನ ಗುರುತನ್ನು ಹೇಳುತ್ತದೆ. ಇತ್ತೀಚಿನ ವ್ಯವಸ್ಥೆಗಳಲ್ಲಿ ಕಾರು ಪ್ರತಿ ಸಲವೂ ಹೊಸ ಸಂಖ್ಯೆಯೊಂದನ್ನು ಕೊಟ್ಟು, ಚಿಪ್ ಅದಕ್ಕೆ ಗುಪ್ತಲಿಪಿಯಲ್ಲಿ ಸರಿಯಾದ ಉತ್ತರ ಕೊಡುತ್ತದೆಯೇ ಎಂದು ನೋಡುತ್ತದೆ. ಉತ್ತರ ಸರಿಯಿದ್ದರೆ ಇಮೊಬಿಲೈಜರ್ ಘಟಕವು ಎಂಜಿನ್ ಕಂಪ್ಯೂಟರಿಗೆ, ಅಂದರೆ ಇಸಿಎಂಗೆ, ಒಪ್ಪಿಗೆ ಕಳಿಸುತ್ತದೆ. ಒಪ್ಪಿಗೆ ಬಾರದಿದ್ದರೆ ಇಸಿಎಂ ಇಂಧನದ ಚಿಮ್ಮುವಿಕೆಯನ್ನೋ ಕಿಡಿಯನ್ನೋ ಎರಡನ್ನೂ ಸೇರಿಸಿಯೋ ತಡೆಹಿಡಿಯುತ್ತದೆ. ಕೆಲವು ಕಾರುಗಳಲ್ಲಿ ಸೆಲ್ಫ್ ಕೂಡ ಹೊಡೆಯುವುದಿಲ್ಲ. ಇನ್ನು ಕೆಲವು ಕಾರುಗಳು ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿನಲ್ಲೇ ನಿಂತುಬಿಡುತ್ತವೆ. ಇಷ್ಟೆಲ್ಲ ನಡೆಯುವುದು ಒಂದು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ, ಅದೂ ಕೆಲವೇ ಸೆಂಟಿಮೀಟರ್ ಅಂತರದಲ್ಲಿ. ಚಿಪ್ ತುಸು ದೂರವಾದರೂ, ಕಾಯಿಲ್‌ಗೆ ಬರುವ ವಿದ್ಯುತ್ ತುಸು ಕುಸಿದರೂ ಈ ಸಂಭಾಷಣೆ ಮುರಿದುಬೀಳುತ್ತದೆ.

ಮೊದಲನೆಯ ಕೆಲಸ, ದೋಷ ನಿಜಕ್ಕೂ ಇಮೊಬಿಲೈಜರಿನದೇ ಎಂದು ಖಚಿತಪಡಿಸಿಕೊಳ್ಳುವುದು. ಎಂಜಿನ್ ಹಿಡಿಯದ ಕ್ಷಣದಲ್ಲಿ, ಸೆಲ್ಫ್ ಹೊಡೆಯುವ ಮುನ್ನವೇ, ಕೀಯನ್ನು ಆನ್ ಸ್ಥಾನದಲ್ಲಿ ನಿಲ್ಲಿಸಿ ಕೀ ಚಿತ್ರದ ದೀಪವನ್ನು ನೋಡಿ. ಬಹುತೇಕ ಕಾರುಗಳಲ್ಲಿ ಅದು ಕೆಲವು ಸೆಕೆಂಡು ಬೆಳಗಿ ಆರಿದರೆ ಕೀಗೆ ಒಪ್ಪಿಗೆ ಸಿಕ್ಕಿದೆ ಎಂದರ್ಥ, ಮಿನುಗುತ್ತಲೇ ಇದ್ದರೆ ಸಿಕ್ಕಿಲ್ಲ ಎಂದರ್ಥ. ನಿಮ್ಮ ಮಾದರಿಯ ನಿಖರ ಸೂಚನೆ ಮಾಲೀಕರ ಕೈಪಿಡಿಯಲ್ಲಿರುತ್ತದೆ. ಕಾರಿಗೆ ಬೀಗ ಹಾಕಿ ನಿಲ್ಲಿಸಿದಾಗ ಕೆಲವು ಮಾದರಿಗಳಲ್ಲಿ ಇದೇ ದೀಪ ನಿಧಾನವಾಗಿ ಮಿನುಗುತ್ತದೆ. ಅದು ದೋಷವಲ್ಲ, ಕಾವಲು ಜಾರಿಯಲ್ಲಿದೆ ಎಂಬ ಸೂಚನೆ. ದೀಪ ಸರಿಯಾಗಿ ಆರಿದ ಮೇಲೂ ಎಂಜಿನ್ ಹಿಡಿಯದಿದ್ದರೆ ಕಾರಣ ಬೇರೆಡೆ ಇದೆ. ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್‌ಶಾಫ್ಟ್ ಸೆನ್ಸರ್ ಕೆಟ್ಟಾಗಲೂ ಸೆಲ್ಫ್ ಹೊಡೆದು ಎಂಜಿನ್ ಹಿಡಿಯದೆ, ಸ್ವಲ್ಪ ಹೊತ್ತು ಬಿಟ್ಟರೆ ಹಿಡಿಯುವುದುಂಟು. ಆದರೆ ಅದು ಸಾಮಾನ್ಯವಾಗಿ ಬಿಸಿ ಎಂಜಿನ್ನಿನಲ್ಲಿ ತೊಂದರೆ ಕೊಟ್ಟು, ತಣಿದ ಮೇಲೆ ಸರಿಹೋಗುತ್ತದೆ. ನಿಮ್ಮ ಕಾರು ರಾತ್ರಿಯಿಡೀ ತಣಿದ ಮೇಲೆ, ಬೆಳಿಗ್ಗೆ ತಕರಾರು ಮಾಡುತ್ತಿದೆ. ದೀಪವೂ ಮಿನುಗುತ್ತಿದೆ. ಹಾಗಾಗಿ ನಾನು ಇಮೊಬಿಲೈಜರ್ ವ್ಯವಸ್ಥೆಯ ಕಡೆಗೇ ವಾಲುತ್ತೇನೆ. ಆದರೂ ಮುಂದಿನ ಸಲ ಹೀಗಾದಾಗ ಡ್ಯಾಶ್‌ಬೋರ್ಡನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಬಂದುಹೋಗುವ ದೋಷ ವರ್ಕ್‌ಶಾಪಿನವರ ಕಣ್ಣೆದುರು ಕಾಣಿಸಿಕೊಳ್ಳುವುದು ಅದೃಷ್ಟದ ಮಾತು. ನಿಮ್ಮ ವಿಡಿಯೊ ಆ ಕೊರತೆಯನ್ನು ತುಂಬುತ್ತದೆ.

ಇನ್ನು ಕೀಯ ವಿಷಯ. ಫ್ಲಿಪ್ ಕವಚದ ಬಗ್ಗೆ ನಾನು ಹೆಚ್ಚು ಬರೆಯುತ್ತೇನೆ, ಏಕೆಂದರೆ ನಮ್ಮ ಊರುಗಳಲ್ಲಿ ಈ ತೊಂದರೆಯ ಒಂದು ದೊಡ್ಡ ಮೂಲ ಅಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಕೆಲವು ಕೀಗಳಲ್ಲಿ ಚಿಪ್ಪನ್ನು ರಿಮೋಟಿನ ಹಲಗೆಗೇ ಬೆಸುಗೆ ಹಾಕಿರುತ್ತಾರೆ. ಆದರೆ ಬಹಳಷ್ಟು ಹಳೆಯ ಮಾದರಿಗಳಲ್ಲಿ ಅದು ಪ್ರತ್ಯೇಕ ವಸ್ತು: ಕಪ್ಪು ಬಣ್ಣದ ಪುಟ್ಟ ತುಂಡು, ಇಲ್ಲವೇ ತೆಳುವಾದ ಗಾಜಿನ ಕೊಳವೆ, ಹಿಡಿಯ ಪ್ಲಾಸ್ಟಿಕ್ಕಿನಲ್ಲಿ ಅದಕ್ಕೆಂದೇ ಕೊರೆದ ಗೂಡಿನಲ್ಲಿ ಕೂತಿರುತ್ತದೆ. ಕವಚ ಬದಲಿಸುವಾಗ ರಿಮೋಟಿನ ಹಲಗೆಯನ್ನು ಸುಲಭವಾಗಿ ಎತ್ತಿ ಹೊಸದರಲ್ಲಿ ಇಡಬಹುದು. ಚಿಪ್ಪನ್ನು ಮಾತ್ರ ಹಳೆಯ ಗೂಡಿನಿಂದ ಸೂಜಿಯಲ್ಲಿ ಮೀಟಿ ತೆಗೆಯಬೇಕಾಗುತ್ತದೆ, ಹೊಸ ಕವಚದಲ್ಲಿ ಅದಕ್ಕೆ ಸರಿಹೊಂದುವ ಗೂಡು ಇಲ್ಲದಿದ್ದರೆ ಅಂಟು ಹಾಕಿ ಎಲ್ಲೋ ಒಂದೆಡೆ ಕೂರಿಸುತ್ತಾರೆ. ಆ ಅಂಟು ವರ್ಷದೊಳಗೆ ಬಿಟ್ಟುಕೊಂಡರೆ ಚಿಪ್ ಒಳಗೇ ಅಲ್ಲಾಡುತ್ತದೆ. ಒಂದು ಸಲ ಬೀಗದ ಹತ್ತಿರ, ಇನ್ನೊಂದು ಸಲ ಹಿಡಿಯ ಹಿಂತುದಿಯಲ್ಲಿ. ಅಂಟು ಗಟ್ಟಿಯಾಗಿಯೇ ಇದ್ದರೂ, ಫ್ಲಿಪ್ ಕೀಯ ಸ್ಪ್ರಿಂಗು ಮುಂಭಾಗದ ಜಾಗವನ್ನು ತಿನ್ನುವುದರಿಂದ ಚಿಪ್ ಮೊದಲಿಗಿಂತ ಹಿಂದೆ ಸರಿದಿರುತ್ತದೆ. ಬ್ಯಾಟರಿ ತುಂಬಿದ್ದಾಗ ಆ ಅಂತರ ನಡೆದುಹೋಗುತ್ತದೆ, ಬ್ಯಾಟರಿ ಸೊರಗಿದ ಬೆಳಗಿನಲ್ಲಿ ನಡೆಯುವುದಿಲ್ಲ. ಗಾಜಿನ ಕೊಳವೆಯಾಗಿದ್ದರೆ ಮೀಟುವಾಗ ಕಣ್ಣಿಗೆ ಕಾಣದ ಬಿರುಕು ಬಿಟ್ಟಿರಲೂಬಹುದು. ನಿಮ್ಮ ಕೀಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡಿ. ಒಳಗೆ ಏನೋ ಸದ್ದು ಮಾಡುತ್ತಿದ್ದರೆ ಅದನ್ನು ಮೊದಲು ತೆರೆಸಿ.

ಇದಕ್ಕೆ ಅತ್ಯಂತ ಒಳ್ಳೆಯ ಪರೀಕ್ಷೆ ನಿಮ್ಮ ಮನೆಯ ಬೀರುವಿನಲ್ಲೇ ಇದೆ. ಹೊಸ ಕಾರಿನ ಜೊತೆ ಕೊಟ್ಟ ಎರಡನೆಯ ಕೀಯನ್ನು ತೆಗೆದು, ಇನ್ನು ಎರಡು ವಾರ ಅದೊಂದನ್ನೇ ಬಳಸಿ. ಫ್ಲಿಪ್ ಕೀಯನ್ನು ಅದೇ ಗೊಂಚಲಿಗೆ ಸಿಕ್ಕಿಸಬೇಡಿ, ಮನೆಯಲ್ಲೇ ಬಿಡಿ. ಎರಡು ವಾರದಲ್ಲಿ ಒಮ್ಮೆಯೂ ತೊಂದರೆ ಬಾರದಿದ್ದರೆ ಅಪರಾಧಿ ಕೀಯೇ. ಇನ್ನೊಂದು ವಿಧಾನವೂ ಇದೆ: ಫ್ಲಿಪ್ ಕೀ ಕೈಕೊಟ್ಟು ದೀಪ ಮಿನುಗುತ್ತಿರುವಾಗ ಇಗ್ನಿಷನ್ ಆಫ್ ಮಾಡಿ, ಎರಡನೆಯ ಕೀಯ ಹಿಡಿಯನ್ನು ಬೀಗದ ಬಳೆಗೆ ತಾಗುವಂತೆ ಹಿಡಿದುಕೊಂಡು ಮತ್ತೆ ಫ್ಲಿಪ್ ಕೀಯನ್ನೇ ತಿರುಗಿಸಿ. ಆಗ ದೀಪ ಆರಿ ಎಂಜಿನ್ ಹಿಡಿದರೆ ಕಾಯಿಲ್, ಇಮೊಬಿಲೈಜರ್, ಇಸಿಎಂ ಮೂರೂ ಸರಿಯಿವೆ, ಕೊರತೆ ಇರುವುದು ಫ್ಲಿಪ್ ಕೀಯ ಚಿಪ್ಪಿನಲ್ಲಿ ಅಥವಾ ಅದನ್ನು ಕೂರಿಸಿದ ಜಾಗದಲ್ಲಿ ಎಂದು ತೀರ್ಮಾನಿಸಬಹುದು. ಸೆಟ್ಟಾಗಿ ಬದಲಿಸಬೇಕೆಂದವರಿಗೆ ಈ ಒಂದು ಪರೀಕ್ಷೆಯ ವಿಡಿಯೊ ತೋರಿಸಿದರೆ ಸಾಕು. ಗೊಂಚಲಿನಲ್ಲಿ ಚಿಪ್ ಇರುವ ಬೇರೊಂದು ಕಾರಿನ ಕೀ, ದಪ್ಪನೆಯ ಲೋಹದ ಬಿಲ್ಲೆ, ಅಥವಾ ಕಚೇರಿಯ ಬಾಗಿಲು ತೆರೆಯುವ ಕಾರ್ಡು ಇದ್ದರೆ ಅದನ್ನೂ ಬೇರ್ಪಡಿಸಿ. ಇಂಥ ಕಾರ್ಡುಗಳಲ್ಲಿ ಹಲವು ಇದೇ 125 ಕಿಲೋಹರ್ಟ್ಸ್ ಆವರ್ತದಲ್ಲಿ ಕೆಲಸ ಮಾಡುತ್ತವೆ. ಗಾಜಿಗೆ ಅಂಟಿಸಿರುವ ಫಾಸ್ಟ್ಯಾಗ್ ಬಗ್ಗೆ ಚಿಂತೆ ಬೇಡ, ಅದರ ಆವರ್ತವೇ ಬೇರೆ.

ಬ್ಯಾಟರಿಯ ಕಡೆಗೆ ಬರೋಣ. ಸೆಲ್ಫ್ ಹೊಡೆಯುತ್ತಿದೆ, ಹಾಗಾದರೆ ಬ್ಯಾಟರಿ ಚೆನ್ನಾಗಿದೆ ಎಂದು ಬಹಳ ಜನ ಭಾವಿಸುತ್ತಾರೆ. ಸೆಲ್ಫ್ ಮೋಟರ್ ಕಡಿಮೆ ವೋಲ್ಟೇಜಿನಲ್ಲೂ ತಿಣುಕುತ್ತಲೇ ತಿರುಗುತ್ತದೆ, ಆದರೆ ಅದೇ ಕ್ಷಣದಲ್ಲಿ ಎಲೆಕ್ಟ್ರಾನಿಕ್ ಘಟಕಗಳು ಅರೆಕ್ಷಣ ನಿಂತು ಹೊಸದಾಗಿ ಎಚ್ಚರಗೊಳ್ಳಬಹುದು. ನಾಲ್ಕೈದು ನೂರು ರೂಪಾಯಿಯ ಮಲ್ಟಿಮೀಟರ್ ಒಂದಿದ್ದರೆ ಇದನ್ನು ನೀವೇ ಅಳೆಯಬಹುದು. ಕಾರು ರಾತ್ರಿಯಿಡೀ ನಿಂತ ಮೇಲೆ, ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಬಾನೆಟ್ ತೆರೆದು ಅಳೆಯಲು ಸಾಧ್ಯವಾದರೆ ಉತ್ತಮ. ಆಗದಿದ್ದರೆ ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಟ್ಟು ಅಳೆಯಿರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಅರ್ಧಕ್ಕೆ ಇಳಿದಿದೆ, 12ಕ್ಕೂ ಕೆಳಗಿದ್ದರೆ ಬಹುತೇಕ ಖಾಲಿಯಾಗಿದೆ. ಮನೆಯವರೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ, ಆ ಹೊತ್ತಿನಲ್ಲಿ ಮೀಟರ್ 9.6 ವೋಲ್ಟಿಗಿಂತ ಕೆಳಗೆ ಇಳಿಯುತ್ತದೆಯೇ ನೋಡಿ. ಇಳಿದರೆ ಬ್ಯಾಟರಿಯ ಕಾಲ ಮುಗಿಯುತ್ತಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ. ಎಂಜಿನ್ ಓಡುವಾಗ 13.8ರಿಂದ 14.5ರ ಆಸುಪಾಸಿನಲ್ಲಿರಬೇಕು, ಇಲ್ಲದಿದ್ದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಬೇಕಾಗುತ್ತದೆ. ಕೊನೆಯದಾಗಿ, ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಒತ್ತಿ ಹಿಡಿದು ಸೆಲ್ಫ್ ಹೊಡೆಸಿ. 0.2 ವೋಲ್ಟಿಗಿಂತ ಗಣನೀಯವಾಗಿ ಹೆಚ್ಚು ಬಂದರೆ ಅರ್ತ್ ಪಟ್ಟಿಯ ತುದಿಗಳು ತುಕ್ಕು ಹಿಡಿದಿವೆ ಎಂದು ತಿಳಿಯಿರಿ. ಅದನ್ನು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿದರೆ ಕೆಲಸ ಮುಗಿಯಿತು.

ರಾತ್ರಿಯ ಸೈರನ್ ಇದರೊಂದಿಗೆ ಹೆಣೆದುಕೊಂಡಿರಬಹುದು. ಬ್ಯಾಟರಿಯ ವೋಲ್ಟೇಜ್ ಕುಸಿದಾಗ ಯಾರೋ ವೈರ್ ಮುಟ್ಟಿದರೆಂದು ಭಾವಿಸಿ ಕೂಗುವ ಅಲಾರಂಗಳಿವೆ. ಕೂಗುತ್ತಾ ಅವು ಬ್ಯಾಟರಿಯನ್ನು ಮತ್ತಷ್ಟು ಬರಿದು ಮಾಡುತ್ತವೆ. ಬೆಳಿಗ್ಗೆ ಕೀ ತಿರುಗಿಸುವಾಗ ಇಮೊಬಿಲೈಜರಿಗೆ ಬೇಕಾದ ವೋಲ್ಟೇಜ್ ಉಳಿದಿರುವುದಿಲ್ಲ. ಸೈರನ್ ಕೂಗಿದ ರಾತ್ರಿಗಳ ಮರುದಿನವೇ ಎಂಜಿನ್ ತಕರಾರು ಮಾಡುತ್ತದೆಯೇ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ. ಜೊತೆಗೆ ಆ ಸೈರನ್ ನಿಜಕ್ಕೂ ಕಾರ್ಖಾನೆಯಲ್ಲಿ ಅಳವಡಿಸಿದ್ದೇ ಎಂದು ವಿಚಾರಿಸಿ. ಆ ಕಾಲದ ಸಣ್ಣ ಕಾರುಗಳಲ್ಲಿ ಇಮೊಬಿಲೈಜರ್ ಕಾರ್ಖಾನೆಯದಾಗಿದ್ದರೂ, ಸೈರನ್ ಮತ್ತು ಸೆಂಟ್ರಲ್ ಲಾಕನ್ನು ಷೋರೂಮಿನಲ್ಲಿ ಹೆಚ್ಚುವರಿ ಸಾಮಗ್ರಿಯಾಗಿ ಹಾಕಿಕೊಡುವುದು ಸಾಮಾನ್ಯವಾಗಿತ್ತು. ಹಾಗೆ ಹಾಕುವವರು ಸ್ಟೀರಿಂಗಿನ ಕೆಳಗೆ ಇಗ್ನಿಷನ್ ವೈರಿನ ಸಿಪ್ಪೆ ಸುಲಿದು, ಇನ್ನೊಂದು ವೈರ್ ಸುತ್ತಿ, ಟೇಪು ಅಂಟಿಸಿರುತ್ತಾರೆ. ಹತ್ತು ವರ್ಷದ ಸೆಖೆಗೆ ಟೇಪಿನ ಅಂಟು ಕರಗಿ ಜೋಡಣೆ ಸಡಿಲವಾದರೆ, ಕಾರ್ಖಾನೆಯ ಇಮೊಬಿಲೈಜರಿಗೆ ಹೋಗುವ ವಿದ್ಯುತ್ತೇ ಬಂದುಹೋಗಿ ಆಗುತ್ತದೆ. ಹೀಗಿದ್ದಲ್ಲಿ ಆ ಹೆಚ್ಚುವರಿ ಅಲಾರಂ ಅನ್ನು ಪೂರ್ತಿಯಾಗಿ ತೆಗೆಸಿ, ಸುಲಿದ ವೈರುಗಳನ್ನು ಬೆಸುಗೆ ಹಾಕಿಸಿ ಮುಚ್ಚಿಸುವುದೇ ಸರಿಯಾದ ದಾರಿ.

ಸೈರನ್ ಕಾರ್ಖಾನೆಯದೇ ಆಗಿದ್ದರೆ ಬಾನೆಟ್ಟಿನ ಸ್ವಿಚ್ಚನ್ನು ಮೊದಲು ನೋಡಿ. ಮಳೆನೀರು ಬೀಳುವ ಜಾಗದಲ್ಲಿರುವ ಅದು ತುಕ್ಕು ಹಿಡಿದಾಗ ಬಾನೆಟ್ ತೆರೆದಿದೆ ಎಂದು ಸುಳ್ಳು ಹೇಳುತ್ತದೆ. ಆಮೇಲೆ ಬಾಗಿಲುಗಳ ಸ್ವಿಚ್ಚು. ಒಳಗಿನ ದೀಪ ಬಾಗಿಲು ಮುಚ್ಚಿದ ಮೇಲೂ ಒಮ್ಮೊಮ್ಮೆ ಮಿಂಚಿದರೆ ಯಾವ ಬಾಗಿಲೆಂದು ಪತ್ತೆ ಹಚ್ಚುವುದು ಸುಲಭ. ಕಾರು ನಿಂತಿರುವಾಗ ಬ್ಯಾಟರಿಯಿಂದ ಸೋರುವ ಕರೆಂಟನ್ನೂ ಎಲೆಕ್ಟ್ರಿಷಿಯನ್ ಬಳಿ ಅಳೆಸಿ. ಎಲ್ಲ ಘಟಕಗಳೂ ಮಲಗಿದ ಮೇಲೆ, ಅಂದರೆ ಬೀಗ ಹಾಕಿ ಅರ್ಧ ಗಂಟೆಯಾದ ನಂತರ, ಅದು 50 ಮಿಲಿಆಂಪಿಯರ್ ಒಳಗಿರಬೇಕು. 200 ಮಿಲಿಆಂಪಿಯರ್ ಸೋರುತ್ತಿದ್ದರೆ ದಿನಕ್ಕೆ 4.8 ಆಂಪಿಯರ್-ಗಂಟೆಯಷ್ಟು ಹೋಗುತ್ತದೆ. ಸಣ್ಣ ಪೆಟ್ರೋಲ್ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಅದನ್ನು ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ತಾಳಲಾರದು.

ಕೀ ಮತ್ತು ಬ್ಯಾಟರಿ ಎರಡೂ ಪಾಸಾದರೆ ಕಾಯಿಲ್ ಮತ್ತು ವೈರಿಂಗ್. ಇದನ್ನು ಆಟೋ ಎಲೆಕ್ಟ್ರಿಷಿಯನ್ ಮಾಡಲಿ. ಸ್ಟೀರಿಂಗ್ ಕಂಬದ ಪ್ಲಾಸ್ಟಿಕ್ ಮುಚ್ಚಳವನ್ನು ಕೆಳಗಿನಿಂದ ಸ್ಕ್ರೂ ಬಿಚ್ಚಿ ಇಳಿಸಿದರೆ ಇಗ್ನಿಷನ್ ಬೀಗದ ಬಾಯಿಯ ಸುತ್ತ ಕಪ್ಪು ಬಳೆ ಕಾಣುತ್ತದೆ. ಏರ್‌ಬ್ಯಾಗ್ ಇರುವ ಕಾರಾದರೆ ಅಲ್ಲಿ ಕಾಣುವ ಹಳದಿ ಕನೆಕ್ಟರುಗಳನ್ನು ಮುಟ್ಟಬಾರದು. ಬಳೆಯಿಂದ ಹೊರಡುವ ಪುಟ್ಟ ಕನೆಕ್ಟರನ್ನು ಕಳಚಿ, ಅದರ ಪಿನ್ನುಗಳ ಮೇಲೆ ಹಸಿರು ಕಿಲುಬು ಇದೆಯೇ ಎಂದು ಟಾರ್ಚ್ ಹಾಕಿ ನೋಡಬೇಕು. ನಿಮ್ಮ ತೊಂದರೆ ಮಳೆಗಾಲದಲ್ಲಿ ಶುರುವಾಗಿದ್ದು ಎಂಬುದನ್ನು ಇಲ್ಲಿ ನೆನಪಿಡಬೇಕು. ಮುಂಗಾಜಿನ ಬುಡದ ಜಾಲರಿಯಲ್ಲಿ ಎಲೆ ಕಸ ತುಂಬಿ ನೀರು ಒಳಗೆ ಇಳಿದಿದ್ದರೆ, ಅಥವಾ ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿದ್ದರೆ, ಡ್ಯಾಶ್‌ಬೋರ್ಡಿನ ಕೆಳಗಿನ ಕನೆಕ್ಟರುಗಳಿಗೆ ತೇವ ಹತ್ತುತ್ತದೆ. ಮುಂದಿನ ಸೀಟಿನ ಮುಂದಿರುವ ಕಾರ್ಪೆಟ್ಟಿನ ಕೆಳಗೆ ಕೈಹಾಕಿ ಒದ್ದೆಯಿದೆಯೇ ನೋಡಿ. ಬಳೆಯೊಳಗಿನ ಕಾಯಿಲ್ ತುಂಡಾಗಿದೆಯೇ ಎಂಬುದು ಮಲ್ಟಿಮೀಟರಿನಲ್ಲಿ ತಕ್ಷಣ ತಿಳಿಯುತ್ತದೆ, ಆದರೆ ಕೆಲವು ಕಾರುಗಳಲ್ಲಿ ಬಳೆಯಲ್ಲೇ ಎಲೆಕ್ಟ್ರಾನಿಕ್ ಹಲಗೆಯೂ ಇರುವುದರಿಂದ ಆಗ ಕಾರಿನ ಘಟಕಗಳಲ್ಲಿ ದಾಖಲಾದ ದೋಷದ ಕೋಡುಗಳನ್ನು ಓದುವ ಸ್ಕ್ಯಾನರ್ ಬೇಕೇ ಬೇಕು. ಇನ್ನು ಇಲಿಗಳ ಉಪದ್ರವ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದೇ. ಪೂರ್ತಿ ಕಡಿದ ವೈರ್ ಬೇಗ ಸಿಗುತ್ತದೆ, ಅರ್ಧ ಕಡಿದದ್ದು ತಿಂಗಳುಗಟ್ಟಲೆ ಆಟವಾಡಿಸುತ್ತದೆ.

ಸ್ಕ್ಯಾನರಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಓಬಿಡಿ (ಕಾರಿನ ತಪಾಸಣಾ ಸಾಕೆಟ್ಟಿಗೆ ಸಿಕ್ಕಿಸುವ) ಸಾಧನಗಳು ಎಂಜಿನ್ನಿನ ಸಾಮಾನ್ಯ ಕೋಡುಗಳನ್ನಷ್ಟೇ ಓದುತ್ತವೆ, ಇಮೊಬಿಲೈಜರ್ ಘಟಕದೊಳಕ್ಕೆ ಹೋಗುವುದಿಲ್ಲ. ಅಲ್ಲಿ ದೋಷವಿಲ್ಲ ಎಂದು ಬಂದರೆ ನಂಬಬೇಡಿ. ಕಂಪನಿಯ ಸ್ಕ್ಯಾನರಿನಲ್ಲಿ ಅಥವಾ ಅದಕ್ಕೆ ಸಮನಾದ ವೃತ್ತಿಪರ ಸಾಧನದಲ್ಲಿ ಬಂದ ಕೋಡುಗಳನ್ನು ಬರೆಸಿಕೊಳ್ಳಿ. ಪಿ0513 ಎಂದರೆ ಇಮೊಬಿಲೈಜರಿಗೆ ತಪ್ಪು ಕೀ ಸಿಕ್ಕಿದೆ. ಪಿ0633 ಎಂದರೆ ಕೀಯನ್ನು ಇಸಿಎಂನಲ್ಲಿ ದಾಖಲಿಸಿಲ್ಲ. ಯು0167 ಎಂದರೆ ಇಮೊಬಿಲೈಜರ್ ಘಟಕದೊಂದಿಗೆ ಸಂಪರ್ಕವೇ ತಪ್ಪಿದೆ. ಮೊದಲನೆಯದು ಕೀಯತ್ತ ಬೆರಳು ತೋರಿಸಿದರೆ ಮೂರನೆಯದು ವೈರಿಂಗ್, ಫ್ಯೂಸ್, ಅರ್ತ್‌ಗಳತ್ತ ತೋರಿಸುತ್ತದೆ. ಇವುಗಳ ಜೊತೆಗೆ ಕಂಪನಿಗಳ ತಮ್ಮದೇ ಕೋಡುಗಳೂ ಇರುತ್ತವೆ. ಯಾವ ಕೋಡೂ ಇಸಿಎಂ ಸತ್ತಿದೆ ಎಂದು ತಾನಾಗಿ ಹೇಳುವುದಿಲ್ಲ. ಆ ತೀರ್ಮಾನಕ್ಕೆ ಉಳಿದೆಲ್ಲವನ್ನೂ ಪರೀಕ್ಷಿಸಿಯೇ ಬರಬೇಕು.

ಯೂಟ್ಯೂಬಿನ ಎರಡು ಸಲಹೆಗಳ ಬಗ್ಗೆಯೂ ಹೇಳಬೇಕು, ಏಕೆಂದರೆ ನಿಮ್ಮ ಕಣ್ಣಿಗೂ ಅವು ಬಿದ್ದಿರುತ್ತವೆ. ಒಂದು, ಕೀಯನ್ನು ಆನ್ ಸ್ಥಾನದಲ್ಲಿ ಹತ್ತು ನಿಮಿಷ ಬಿಟ್ಟು, ಆಫ್ ಮಾಡಿ, ಹೀಗೆ ಮೂರು ಸಲ ಮಾಡಿದರೆ ವ್ಯವಸ್ಥೆ ಕೀಯನ್ನು ಹೊಸದಾಗಿ ಕಲಿಯುತ್ತದೆ ಎಂಬುದು. ಅದು ಅಮೆರಿಕದಲ್ಲಿ ಜನರಲ್ ಮೋಟರ್ಸ್ 1995ರಿಂದ ತನ್ನ ಕಾರುಗಳಲ್ಲಿ ಅಳವಡಿಸಿದ ಪಾಸ್‌ಲಾಕ್ ಎಂಬ ವ್ಯವಸ್ಥೆಗೆ ಸಂಬಂಧಿಸಿದ್ದು. ಅದರಲ್ಲಿ ಕೀಯೊಳಗೆ ಚಿಪ್ಪೇ ಇರಲಿಲ್ಲ, ಬೀಗದ ಸಿಲಿಂಡರಿನಲ್ಲಿದ್ದ ಸೆನ್ಸರ್ ಆಗಾಗ ಕೆಡುತ್ತಿತ್ತು, ಆದ್ದರಿಂದಲೇ ಆ ಹತ್ತು ನಿಮಿಷದ ವಿಧಾನ ಅಲ್ಲಿ ಮನೆಮಾತಾಯಿತು. ಚಿಪ್ ಕೀಯಿರುವ ನಮ್ಮ ಕಾರುಗಳಿಗೆ ಅದು ಅನ್ವಯಿಸುವುದಿಲ್ಲ, ಅರ್ಧ ಗಂಟೆ ಇಗ್ನಿಷನ್ ಆನ್ ಇಟ್ಟರೆ ಸೊರಗಿದ ಬ್ಯಾಟರಿ ಇನ್ನಷ್ಟು ಸೊರಗುತ್ತದೆ. ಎರಡನೆಯದು, ಬ್ಯಾಟರಿ ಕಳಚಿ ರಾತ್ರಿಯಿಡೀ ಬಿಟ್ಟರೆ ಇಮೊಬಿಲೈಜರ್ ರೀಸೆಟ್ ಆಗುತ್ತದೆ ಎಂಬುದು. ಕೀ ಮತ್ತು ಇಸಿಎಂನ ಜೋಡಿ ಗುರುತು ವಿದ್ಯುತ್ ಇಲ್ಲದಿದ್ದರೂ ಅಳಿಯದ ಸ್ಮೃತಿಯಲ್ಲಿ ಇರುತ್ತದೆ. ಬ್ಯಾಟರಿ ಕಳಚಿದರೆ ಅಳಿದುಹೋಗುವಂತಿದ್ದರೆ ಕಳ್ಳರೂ ಅದನ್ನೇ ಮಾಡುತ್ತಿದ್ದರು. ಕಳಚಿ ಹಾಕಿದ ಮೇಲೆ ಕಾರು ಸರಿಹೋಯಿತೆಂದರೆ ಸಾಮಾನ್ಯವಾಗಿ ಸಡಿಲವಾಗಿದ್ದ ಟರ್ಮಿನಲ್ ಬಿಗಿಯಾಗಿದೆ ಎಂದೇ ಅರ್ಥ.

ಬೈಪಾಸ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮಾಡಿಸಬೇಡಿ. ಅದರಲ್ಲಿ ಎರಡು ಬಗೆ. ಒಂದರಲ್ಲಿ ಸರಿಯಾದ ಚಿಪ್ ಒಂದನ್ನು ಕಾಯಿಲ್ ಪಕ್ಕದಲ್ಲೇ ಶಾಶ್ವತವಾಗಿ ಅಂಟಿಸಿಬಿಡುತ್ತಾರೆ. ಆಮೇಲೆ ಬೀಗ ತಿರುಗಿಸಬಲ್ಲ ಯಾರು ಬೇಕಾದರೂ ಕಾರು ಒಯ್ಯಬಹುದು. ಇನ್ನೊಂದರಲ್ಲಿ ಇಸಿಎಂ ಬಿಚ್ಚಿ ಅದರ ತಂತ್ರಾಂಶದಿಂದ ಇಮೊಬಿಲೈಜರ್ ತಪಾಸಣೆಯನ್ನೇ ಅಳಿಸುತ್ತಾರೆ. ಮೂಲ ಮಾಹಿತಿಯ ಪ್ರತಿ ಇಟ್ಟುಕೊಳ್ಳದೆ ಹಾಗೆ ಮಾಡಿದರೆ ಮುಂದೆ ಕಂಪನಿಯ ಸ್ಕ್ಯಾನರಿನಿಂದ ಅದನ್ನು ಸರಿಪಡಿಸುವುದು ಕಷ್ಟ. ಇಮೊಬಿಲೈಜರ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ಉದಾಹರಣೆ ಅಮೆರಿಕದ್ದು. ಕೆನಡಾದಲ್ಲಿ 2007ರಿಂದ ಇಮೊಬಿಲೈಜರ್ ಕಡ್ಡಾಯವಾಗಿದ್ದರೂ ಅಮೆರಿಕದಲ್ಲಿ ಅಂಥ ನಿಯಮವಿರಲಿಲ್ಲ. 2015ರ ಮಾದರಿಗಳಲ್ಲಿ ಉಳಿದ ಕಂಪನಿಗಳ ಶೇ. 96ರಷ್ಟು ಕಾರುಗಳಿಗೆ ಅದು ಬಂದಿದ್ದಾಗ ಅಲ್ಲಿ ಮಾರಾಟವಾದ ಹ್ಯುಂಡೈ ಮತ್ತು ಕಿಯಾ ಕಾರುಗಳಲ್ಲಿ ಶೇ. 26ಕ್ಕೆ ಮಾತ್ರ ಇತ್ತು. ಅಂಥ ಕಾರುಗಳನ್ನು ಯುಎಸ್‌ಬಿ ವೈರಿನ ತುದಿಯಿಂದ ಸ್ಟಾರ್ಟ್ ಮಾಡುವ ಬಗೆ ವಿಡಿಯೊಗಳಲ್ಲಿ ಹರಡಿದ ಮೇಲೆ 2021 ಮತ್ತು 2022ರಲ್ಲಿ ಹುಡುಗರು ಬೀದಿಬೀದಿಯಲ್ಲಿ ಅವುಗಳನ್ನು ಕದ್ದೊಯ್ದರು. 2023ರಲ್ಲಿ ಕಂಪನಿಗಳು ಉಚಿತವಾಗಿ ತಂತ್ರಾಂಶ ಬದಲಿಸಿಕೊಡಬೇಕಾಯಿತು. ನಮ್ಮಲ್ಲಿ ವಿಮೆಯ ಪ್ರಶ್ನೆಯೂ ಇದೆ. ಕಾರು ಕಳವಾದಾಗ ವಿಮಾ ಕಂಪನಿ ಎರಡೂ ಮೂಲ ಕೀಗಳನ್ನು ಕೇಳುತ್ತದೆ, ತನಿಖೆಗೆ ಜನರನ್ನು ಕಳಿಸುತ್ತದೆ. ವಾಹನಗಳನ್ನು ಪರೀಕ್ಷಿಸುವ ಸಂಸ್ಥೆಯಾದ ಎಆರ್‌ಎಐ ಮಾನ್ಯತೆಯ ಕಳ್ಳತನ ನಿರೋಧಕ ಸಾಧನವಿದೆಯೆಂದು ಪ್ರೀಮಿಯಮ್ಮಿನಲ್ಲಿ ಶೇ. 2.5, ಗರಿಷ್ಠ 500 ರೂಪಾಯಿ ರಿಯಾಯಿತಿ ಪಡೆದು, ಅದೇ ಸಾಧನವನ್ನು ನಿಷ್ಕ್ರಿಯಗೊಳಿಸಿದ್ದೀರಿ ಎಂದು ಗೊತ್ತಾದರೆ ನಿಮ್ಮ ಕ್ಲೇಮಿಗೆ ಅಡ್ಡಿಯಾಗಲು ಅಷ್ಟು ಸಾಕು.

ಎಲ್ಲ ಪರೀಕ್ಷೆಗಳ ನಂತರವೂ ಇಮೊಬಿಲೈಜರ್ ಘಟಕ ಅಥವಾ ಇಸಿಎಂ ಕೆಟ್ಟಿದೆ ಎಂದು ಖಚಿತವಾಗುವ ಸಾಧ್ಯತೆ ಇದ್ದೇ ಇದೆ. ಸರ್ವಿಸ್ ಸೆಂಟರಿನವರು ಸೆಟ್ಟಾಗಿ ಬದಲಿಸಬೇಕು ಎನ್ನುವುದರ ಹಿಂದೆ ಒಂದು ತಾಂತ್ರಿಕ ಕಾರಣವೂ ಇದೆ: ಮೂರೂ ಒಂದಕ್ಕೊಂದು ಗುರುತು ಬೆಸೆದುಕೊಂಡಿರುವುದರಿಂದ, ಕೆಲವು ಮಾದರಿಗಳಲ್ಲಿ ಒಂದನ್ನು ಮಾತ್ರ ಬದಲಿಸಿ ಕೋಡ್ ಮಾಡಲು ಆಗುವುದಿಲ್ಲ. ಆದರೆ ಹಲವು ಮಾದರಿಗಳಲ್ಲಿ ಆಗುತ್ತದೆ. ನಿಮ್ಮ ಮಾದರಿಯಲ್ಲಿ ಬಿಡಿಯಾಗಿ ಬದಲಿಸಲು ಸಾಧ್ಯವೇ ಎಂದು ನೇರವಾಗಿ ಕೇಳಿ, ಸಾಧ್ಯವಿಲ್ಲವೆಂದರೆ ಹಾಗೆಂದು ಎಸ್ಟಿಮೇಟಿನಲ್ಲೇ ಬರೆದುಕೊಡಲು ಹೇಳಿ. ಇಸಿಎಂ ರಿಪೇರಿ ಮಾಡುವ ಅನುಭವಿಗಳು ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಮುತ್ತ ಇದ್ದಾರೆ. ಬೆಸುಗೆ ಬಿಟ್ಟುಕೊಂಡ ಹಲಗೆಯನ್ನು ಸರಿಪಡಿಸುವುದು, ಹಳೆಯ ಘಟಕದ ಸ್ಮೃತಿಯನ್ನು ಅದೇ ಮಾದರಿಯ ಬೇರೊಂದಕ್ಕೆ ನಕಲು ಮಾಡುವುದು ಅವರಿಗೆ ಗೊತ್ತು. ಆರ್‌ಸಿ ಮತ್ತು ಮಾಲೀಕರ ಗುರುತಿನ ಚೀಟಿ ಕೇಳದೆ ಕೆಲಸ ಮಾಡಲು ಒಪ್ಪುವವರ ಬಳಿ ಹೋಗಬೇಡಿ. ಗುಜರಿಯಿಂದ ಹಳೆಯ ಇಸಿಎಂ ತಂದು ಹಾಗೆಯೇ ಜೋಡಿಸಿದರೆ ಕಾರು ಸ್ಟಾರ್ಟ್ ಆಗುವುದಿಲ್ಲ, ಏಕೆಂದರೆ ಅದು ತನ್ನ ಹಳೆಯ ಕಾರಿನ ಕೀಯನ್ನೇ ಹುಡುಕುತ್ತದೆ. ಇಸಿಎಂ, ಇಮೊಬಿಲೈಜರ್, ಚಿಪ್ ಮೂರೂ ಒಂದೇ ಕಾರಿನಿಂದ ಬಂದಿದ್ದರೆ ಮಾತ್ರ ನಡೆಯುತ್ತದೆ. ಬಿಲ್ ಇಲ್ಲದೆ ಅಂಥ ಸೆಟ್ ಕೊಳ್ಳಬೇಡಿ. ಅದು ಕದ್ದ ಕಾರಿನದಾಗಿದ್ದರೆ ತೊಂದರೆ ನಿಮ್ಮ ಕುತ್ತಿಗೆಗೆ ಬರುತ್ತದೆ. ಭಾಗ ಬದಲಿಸಿದ ಮೇಲೂ ದೋಷ ಮರುಕಳಿಸಿ ಸರ್ವಿಸ್ ಸೆಂಟರ್ ಕೈತೊಳೆದುಕೊಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ಎರಡೂ ಕಡೆ ನಿಮಗೆ ಬೇಕಾಗುವುದು ಕೋಡುಗಳ ಪಟ್ಟಿ, ಎಸ್ಟಿಮೇಟು ಮತ್ತು ತೆಗೆದ ಹಳೆಯ ಭಾಗ. ಆದ್ದರಿಂದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ಅಲ್ಲಿಯವರೆಗೆ ದಾರಿಯಲ್ಲಿ ಕಾರು ನಿಂತರೆ ಹೀಗೆ ಮಾಡಿ. ಸತತವಾಗಿ ಸೆಲ್ಫ್ ಹೊಡೆಯಬೇಡಿ. ಬ್ಯಾಟರಿ ಇಳಿಯುವುದರ ಜೊತೆಗೆ, ತಪ್ಪು ಕೀಯಿಂದ ಹಲವು ಸಲ ಪ್ರಯತ್ನಿಸಿದರೆ ಕೆಲವು ವ್ಯವಸ್ಥೆಗಳು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿಕೊಂಡು ಕೂರುತ್ತವೆ. ಹೆಡ್‌ಲೈಟ್, ಎಸಿ, ಮ್ಯೂಸಿಕ್ ಎಲ್ಲವನ್ನೂ ಆಫ್ ಮಾಡಿ, ಕೀಯನ್ನು ಪೂರ್ತಿ ಹೊರತೆಗೆದು, ಕೆಲವು ನಿಮಿಷ ಕಾದು, ಎರಡನೆಯ ಕೀಯಲ್ಲಿ ಪ್ರಯತ್ನಿಸಿ. ಆನ್ ಮಾಡಿದಾಗ ದೀಪ ಆರಿದ ಮೇಲಷ್ಟೇ ಸೆಲ್ಫ್ ಹೊಡೆಯಿರಿ. ಜನ ಸೇರಿ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಿಸಲು ಹೊರಟರೆ ಬೇಡವೆನ್ನಿ. ತಳ್ಳಿದರೆ ಎಂಜಿನ್ ತಿರುಗುತ್ತದೆ, ಆದರೆ ಇಸಿಎಂ ಇಂಧನ ಕೊಡುವುದಿಲ್ಲವಾದ್ದರಿಂದ ಅದರಿಂದ ಪ್ರಯೋಜನವಿಲ್ಲ.

ಫ್ಲಿಪ್ ಕೀಯೇ ಕಾರಣವೆಂದು ಗೊತ್ತಾದರೆ ಹಳೆಯ ಚಿಪ್ಪನ್ನೇ ಮತ್ತೆ ಅಂಟಿಸುವ ಬದಲು ಹೊಸ ಕೀಯೊಂದನ್ನು ಕೋಡ್ ಮಾಡಿಸಿಕೊಳ್ಳಿ, ಮತ್ತು ಬೀರುವಿನಲ್ಲಿರುವ ಎರಡನೆಯ ಕೀ ಸರಿಯಾಗಿ ಕೆಲಸ ಮಾಡುತ್ತಿರುವಾಗಲೇ ಆ ಕೆಲಸ ಮುಗಿಸಿ. ಕೈಯಲ್ಲಿ ಒಂದು ಒಳ್ಳೆಯ ಕೀ ಇರುವಾಗ ಇನ್ನೊಂದನ್ನು ಸೇರಿಸುವುದು ಎಲ್ಲ ಕಡೆಯೂ ಸುಲಭ. ಎರಡೂ ಹೋದ ಮೇಲೆ ಕಾರನ್ನು ಟೋ ಮಾಡಿಸಿ, ಕಂಪನಿಯಿಂದ ಭದ್ರತಾ ಕೋಡ್ ತರಿಸಿ, ದಿನಗಟ್ಟಲೆ ಕಾಯಬೇಕಾಗುತ್ತದೆ. ಕೋಡ್ ಮಾಡಿಸುವಾಗ ಎರಡೂ ಕೀಗಳನ್ನು ಒಯ್ಯಿರಿ, ಏಕೆಂದರೆ ಹಲವು ಮಾದರಿಗಳಲ್ಲಿ ಆ ಹೊತ್ತಿನಲ್ಲಿ ಮುಂದಿಡದ ಕೀಯ ದಾಖಲೆ ಅಳಿದುಹೋಗುತ್ತದೆ. ಕೀ ಕಟ್ಟಿನ ಜೊತೆ ಷೋರೂಮಿನವರು ಕೊಟ್ಟ ಸಣ್ಣ ಲೋಹದ ಅಥವಾ ಪ್ಲಾಸ್ಟಿಕ್ ಬಿಲ್ಲೆಯಲ್ಲಿ ಕೀ ಸಂಖ್ಯೆ ಇರುತ್ತದೆ. ಅದನ್ನು ಕಾರಿನಲ್ಲಿ ಇಡದೆ ಆರ್‌ಸಿ ಪ್ರತಿಯ ಜೊತೆ ಮನೆಯಲ್ಲಿಡಿ.